ಹಗ್ಗ ಎಳೆಯದ ಬೇಡ: ಮಕ್ಕಳ ದೆವ್ವದ ಸಿನಿಮಾ ಎರಡನೆಯ ಸಲ ಯಾಕೆ ಹೆದರಿಸುವುದಿಲ್ಲ?

ಸಿನಿಮಾ ಎಷ್ಟು ಹೆದರಿಸಿತು ಎಂದು ಅಳೆಯಲು ನಮ್ಮ ಮನೆಯಲ್ಲಿ ಹಲಸಿನ ಹಪ್ಪಳವಿದೆ. ಕಳೆದ ಆಷಾಢದಲ್ಲಿ ಶಿರಸಿಗೆ ಮಳೆ ಹಿಡಿದುಕೊಂಡು ಶಾಲೆಗಳಿಗೆ ರಜೆ ಸಾರಿದಾಗ ತಂಗಿಯ ಇಬ್ಬರು ಮಕ್ಕಳು ನಮ್ಮಲ್ಲಿದ್ದರು. ಹುಡುಗನಿಗೆ ಹನ್ನೊಂದು ವರ್ಷ, ಹುಡುಗಿಗೆ ಏಳು. ಮೊದಲ ರಾತ್ರಿ ಅವರಿಗೆ 2015ರ ‘ಗೂಸ್‌ಬಂಪ್ಸ್’ ತೋರಿಸಿದೆ. ಕರಿದ ಹಪ್ಪಳ ತಟ್ಟೆಯಲ್ಲೇ ಕುಳಿತು ಮೆತ್ತಗಾಯಿತು. ಮರುರಾತ್ರಿ ಅದರ ಎರಡನೆಯ ಭಾಗ, 2018ರ ‘ಗೂಸ್‌ಬಂಪ್ಸ್ 2: ಹಾಂಟೆಡ್ ಹ್ಯಾಲೋವೀನ್’. ಅರ್ಧ ಗಂಟೆಯೊಳಗೆ ತಟ್ಟೆ ಖಾಲಿಯಾಗಿ, ಇನ್ನೂ ಇದೆಯೇ ಎಂಬ ವಿಚಾರಣೆ ಅಡುಗೆಮನೆಯವರೆಗೆ ಹೋಯಿತು. ಹುಡುಗ ಮೊಬೈಲ್ ಕೈಗೆತ್ತಿಕೊಂಡ. ಹುಡುಗಿ ನನ್ನ ಕಡೆ ತಿರುಗಿ, ‘ಹೆದರಿಕೆಯ ಸಿನಿಮಾ ಎಂದು ಹೇಳಿದ್ದಿರಲ್ಲ?’ ಎಂದು ಕೇಳಿದಳು. ಮೋಸ ಮಾಡಿದ ಅಂಗಡಿಯವನನ್ನು ಕೇಳುವ ಧಾಟಿಯಲ್ಲಿ.

ಗೊಂಬೆ ಅದೇ, ಲೇಖಕನ ಪಾತ್ರ ಅದೇ, ಪುಸ್ತಕದಿಂದ ಭೂತಗಳು ಹೊರಬರುವ ಕಥೆಯೂ ಅದೇ. ಹಾಗಾದರೆ ಮೊದಲ ರಾತ್ರಿಯ ಹೆದರಿಕೆ ಎರಡನೆಯ ರಾತ್ರಿ ಎಲ್ಲಿ ಹೋಯಿತು? ‘ಮುಂದುವರಿದ ಭಾಗ ಎಂದರೆ ಅಷ್ಟೇ, ದುಡ್ಡಿಗಾಗಿ ಮಾಡುತ್ತಾರೆ’ ಎಂದು ಹೇಳಿ ಎದ್ದು ಹೋಗಬಹುದು. ಸುಳ್ಳೇನೂ ಅಲ್ಲ. ಆದರೆ ಮೊದಲನೆಯದನ್ನೂ ದುಡ್ಡಿಗಾಗಿಯೇ ಮಾಡಿದ್ದರು. ಯಾರೂ ಪುಣ್ಯಕ್ಕಾಗಿ ಸಿನಿಮಾ ತೆಗೆಯುವುದಿಲ್ಲ.

‘ಒಮ್ಮೆ ನೋಡಿದ್ದನ್ನೇ ಮತ್ತೆ ನೋಡಿದರೆ ಬೇಸರ ಬರುತ್ತದೆ’ ಎಂಬ ಉತ್ತರವೂ ಸಾಲದು. ಹೊನ್ನಾವರ, ಕುಮಟಾ ಕಡೆಯ ಯಕ್ಷಗಾನದ ಪ್ರೇಕ್ಷಕರನ್ನು ನೋಡಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಇಪ್ಪತ್ತು ಸಲ ನೋಡಿದವರು ಇಪ್ಪತ್ತೊಂದನೆಯ ಸಲವೂ ಕಂಬಳಿ ಹೊದ್ದುಕೊಂಡು ಬಯಲಿನಲ್ಲಿ ಕುಳಿತಿರುತ್ತಿದ್ದರು. ಭಸ್ಮಾಸುರ ಸಾಯುತ್ತಾನೆ ಎಂಬುದು ಕಡಲೆಕಾಯಿ ಮಾರುವವನಿಗೂ ಗೊತ್ತು. ಗೊತ್ತಿರುವ ಕಥೆ ಮತ್ತೆ ಮತ್ತೆ ಬರುವುದರಿಂದ ಹೆದರಿಕೆ ಸಾಯುವುದಾಗಿದ್ದರೆ ನಮ್ಮ ಕರಾವಳಿಯಲ್ಲಿ ಮೇಳಗಳು ಯಾವತ್ತೋ ಬಾಗಿಲು ಹಾಕಬೇಕಿತ್ತು.

ಕಾರಣ ಬೇರೆಲ್ಲೋ ಇದೆ. ಅದನ್ನು ಹುಡುಕಲು ಮೊದಲು ಹೆದರಿಕೆ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಸಿನಿಮಾದ ಹೆಸರಿನಲ್ಲೇ ಸುಳಿವಿದೆ. ಗೂಸ್‌ಬಂಪ್ಸ್ ಎಂದರೆ ಪುಕ್ಕ ಕಿತ್ತ ಬಾತಿನ ಚರ್ಮದಂತೆ ಮೈಮೇಲೆ ಏಳುವ ಸಣ್ಣ ಸಣ್ಣ ಗುಳ್ಳೆ. ಕನ್ನಡದಲ್ಲಿ ನಾವು ಮೈ ಜುಮ್ಮೆಂದಿತು, ಮುಳ್ಳೆದ್ದಿತು, ನವಿರೆದ್ದಿತು ಎನ್ನುತ್ತೇವೆ. ಸಂಸ್ಕೃತದಿಂದ ತಂದುಕೊಂಡ ಮಾತು ರೋಮಾಂಚನ. ಕತ್ತಲಲ್ಲಿ ಹಿಂದಿನಿಂದ ಯಾರೋ ಕರೆದಂತಾದರೂ ಮೈ ನವಿರೇಳುತ್ತದೆ, ಒಳ್ಳೆಯ ಹಾಡು ಕೇಳಿದರೂ ಏಳುತ್ತದೆ. ಇಷ್ಟಾಗಿಯೂ ಇಂದು ‘ರೋಮಾಂಚಕ ಪಂದ್ಯ’ ಎಂದು ಪತ್ರಿಕೆಯಲ್ಲಿ ಓದಿದಾಗ ಯಾರೂ ಹೆದರುವುದಿಲ್ಲ. ಭಯಕ್ಕೂ ಸಂತೋಷಕ್ಕೂ ಮೈ ಒಂದೇ ಬಾಗಿಲಿನಿಂದ ಹೊರಬರುತ್ತದೆ ಎಂಬುದು ಭಾಷೆಗೆ ಮೊದಲೇ ಗೊತ್ತಿತ್ತು.

ಶರೀರಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅಪಾಯ ಕಂಡೊಡನೆ ನಮ್ಮ ಹತೋಟಿಯಲ್ಲಿಲ್ಲದ ನರವ್ಯೂಹವೊಂದು ಎಚ್ಚರಗೊಂಡು ಅಡ್ರಿನಲಿನ್ ಹರಿಸುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಪ್ರತಿ ಕೂದಲಿನ ಬುಡದಲ್ಲಿರುವ ಪುಟ್ಟ ಸ್ನಾಯು ಬಿಗಿದು ಕೂದಲು ನೆಟ್ಟಗಾಗುತ್ತದೆ. ಬೆಕ್ಕು ನಾಯಿಯನ್ನು ಕಂಡು ಬಾಲ ಉಬ್ಬಿಸುವುದೂ ಇದೇ ವ್ಯವಸ್ಥೆಯಿಂದ. ನಮಗೆ ಉಬ್ಬಿಸಲು ತುಪ್ಪಳ ಉಳಿದಿಲ್ಲ, ಗುಳ್ಳೆ ಮಾತ್ರ ಉಳಿದಿದೆ.

ಮುಖ್ಯ ಸಂಗತಿ ಮುಂದಿದೆ. ಅಪಾಯ ಕಳೆದ ಕ್ಷಣಕ್ಕೆ ಮೈ ತಣ್ಣಗಾಗುವುದಿಲ್ಲ. ಬಚ್ಚಲೊಲೆಯ ಬೆಂಕಿ ಆರಿದ ಮೇಲೂ ಹಂಡೆಯ ನೀರು ಬಿಸಿಯಾಗಿಯೇ ಇರುವಂತೆ, ಏರಿದ ಬಡಿತ ಇಳಿಯಲು ಹೊತ್ತು ಬೇಕು. ಆ ಹೊತ್ತಿನಲ್ಲಿ ನಗು ಬಂದರೆ ಅದು ದುಪ್ಪಟ್ಟು ನಗುವಾಗುತ್ತದೆ. ನೆಮ್ಮದಿ ಬಂದರೆ ಹಬ್ಬದಂಥ ನೆಮ್ಮದಿಯಾಗುತ್ತದೆ. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ಇದನ್ನು ಉದ್ರೇಕದ ವರ್ಗಾವಣೆ ಎಂದು ವಿವರಿಸಿದರು. ಹೆದರಿಸುವ ಸಿನಿಮಾವನ್ನು ಮಕ್ಕಳು ದುಡ್ಡು ಕೊಟ್ಟು ನೋಡುವ ಗುಟ್ಟು ಇಲ್ಲಿದೆ. ಅವರಿಗೆ ಬೇಕಾದದ್ದು ಬರಿಯ ಭಯವಲ್ಲ, ಭಯ ಇಳಿಯುವಾಗಿನ ಸುಖ. ಅದನ್ನು ಕೊಡಬೇಕಾದರೆ ಮೊದಲು ಭಯ ಏರಬೇಕು. ‘ಮಕ್ಕಳಲ್ಲವೇ, ಹೆದರಿಕೆ ಸ್ವಲ್ಪ ಕಡಿಮೆ ಮಾಡಿ ತಮಾಷೆ ಜಾಸ್ತಿ ಮಾಡೋಣ’ ಎಂದು ಲೆಕ್ಕ ಹಾಕಿದ ತಯಾರಕ ಎಡವುವುದು ಇಲ್ಲಿಯೇ. ಒಲೆ ಹಚ್ಚದೆ ಬಿಸಿನೀರು ಬರುವುದಿಲ್ಲ. ಭಯ ಇಳಿಸಿದರೆ ತಮಾಷೆಯೂ ಇಳಿಯುತ್ತದೆ.

ಹಾಗೆಂದು ಮಕ್ಕಳನ್ನು ಎಷ್ಟು ಬೇಕಾದರೂ ಹೆದರಿಸಬಹುದೇ? ಇಲ್ಲ. ಶಿರಸಿಯವರಿಗೆ ಇದನ್ನು ವಿವರಿಸಲು ಪುಸ್ತಕ ಬೇಡ, ಬೇಡರ ವೇಷ ಸಾಕು.

ಹೊರಗಿನವರಿಗಾಗಿ ಹೇಳುತ್ತೇನೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿ ಹುಣ್ಣಿಮೆಯ ಮುಂಚಿನ ರಾತ್ರಿಗಳಲ್ಲಿ ಶಿರಸಿಯ ಬೀದಿಗಳಲ್ಲಿ ಬೇಡರ ವೇಷ ಹೊರಡುತ್ತದೆ. ಬೆನ್ನಿಗೆ ನವಿಲುಗರಿಯ ದೊಡ್ಡ ಕಟ್ಟು, ಬಣ್ಣ ಬಳಿದ ಮುಖ, ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ತಮಟೆಯ ಬಡಿತಕ್ಕೆ ಬೇಡ ಕುಣಿಯುತ್ತಾನೆ, ಗರ್ಜಿಸುತ್ತಾನೆ, ಗುಂಪಿನ ಮೇಲೆ ಏರಿ ಬರುತ್ತಾನೆ. ಊರಿಗೆ ಕಂಟಕನಾಗಿದ್ದ ಬೇಡನೊಬ್ಬನನ್ನು ಸೆರೆಹಿಡಿದು ಮೆರವಣಿಗೆ ಮಾಡಿಸಿದರೆಂಬ ಐತಿಹ್ಯ ಇದರ ಹಿಂದಿದೆ. ಅದಕ್ಕೇ ಅವನ ಸೊಂಟಕ್ಕೆ ಹಗ್ಗ. ಹಿಂದೆ ಇಬ್ಬರು ಅದನ್ನು ಜಗ್ಗಿ ಹಿಡಿದಿರುತ್ತಾರೆ.

ಇಡೀ ಆಟದ ಬಿಗಿ ಇರುವುದು ಆ ಹಗ್ಗದಲ್ಲಿ. ಬೇಡ ನಿಜವಾಗಿ ಎಳೆಯುತ್ತಾನೆ. ಹಿಡಿದವರು ನಿಜವಾಗಿ ಜಗ್ಗುತ್ತಾರೆ, ಅವರ ಕಾಲು ಜಾರುವುದು ನಮಗೆ ಕಾಣುತ್ತದೆ. ಅಪ್ಪನ ಹೆಗಲ ಮೇಲಿನ ಮಗು ಒಂದು ಕಣ್ಣಿನಿಂದ ಕತ್ತಿ ನೋಡುತ್ತದೆ, ಇನ್ನೊಂದರಿಂದ ಹಗ್ಗ ನೋಡುತ್ತದೆ. ಹಗ್ಗ ಇಲ್ಲದಿದ್ದರೆ ಅದು ಚಿಟ್ಟನೆ ಚೀರಿ ಮನೆಗೆ ಹೋಗೋಣವೆಂದು ಹಟ ಹಿಡಿಯುತ್ತದೆ. ಹಗ್ಗ ಇದ್ದೂ ಬೇಡ ಎಳೆಯದಿದ್ದರೆ? ಬೀದಿಯಲ್ಲಿ ಗರಿ ಕಟ್ಟಿಕೊಂಡ ಒಬ್ಬ ಮನುಷ್ಯ ನಡೆದುಹೋಗುತ್ತಿದ್ದಾನೆ, ಅಷ್ಟೇ. ಮಗು ಐಸ್‌ಕ್ರೀಂ ಕೇಳುತ್ತದೆ.

ಈ ಹಗ್ಗವನ್ನು ಕೈಯಲ್ಲಿಟ್ಟುಕೊಂಡು ಎರಡೂ ಸಿನಿಮಾಗಳನ್ನು ನೋಡೋಣ.

ಅಮೆರಿಕದ ಲೇಖಕ ಆರ್.ಎಲ್. ಸ್ಟೈನ್ ಗೂಸ್‌ಬಂಪ್ಸ್ ಹೆಸರಿನಲ್ಲಿ ಮಕ್ಕಳ ದೆವ್ವದ ಕಥೆಗಳನ್ನು ಬರೆಯಲು ತೊಡಗಿದ್ದು 1992ರಲ್ಲಿ. 1997ರೊಳಗೆ ಮೂಲ ಸರಣಿಯ 62 ಪುಸ್ತಕ ಮುಗಿದಿದ್ದವು. ಅನಂತರದ ಸರಣಿಗಳೂ ಸೇರಿ 40 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಒಂದೊಂದು ಪುಸ್ತಕಕ್ಕೂ ಒಂದೊಂದು ಪೀಡೆ: ತೋಳಮನುಷ್ಯ, ಹಿಮಮಾನವ, ಅಂಗಳದ ಕುಳ್ಳ ಗೊಂಬೆಗಳು, ಮಾತನಾಡುವ ಗೊಂಬೆ ಸ್ಲ್ಯಾಪಿ. ಇಷ್ಟರಲ್ಲಿ ಯಾವುದನ್ನು ಸಿನಿಮಾ ಮಾಡುವುದು? ರಾಬ್ ಲೆಟರ್‌ಮನ್ ನಿರ್ದೇಶಿಸಿದ ಮೊದಲ ಭಾಗ ಇದಕ್ಕೆ ಜಾಣ ಉಪಾಯ ಕಂಡುಕೊಂಡಿತು. ಸ್ಟೈನ್ ಅವರನ್ನೇ ಒಂದು ಪಾತ್ರ ಮಾಡಿತು. ಜ್ಯಾಕ್ ಬ್ಲ್ಯಾಕ್ ನಟಿಸಿದ ಈ ಸ್ಟೈನ್ ಸಿಡುಕ, ಯಾರೊಂದಿಗೂ ಬೆರೆಯದವನು. ಅವನು ಬರೆದ ಭೂತಗಳೆಲ್ಲ ನಿಜ; ಹಸ್ತಪ್ರತಿಗಳಿಗೆ ಬೀಗ ಹಾಕಿ ಕಪಾಟಿನಲ್ಲಿ ಇಟ್ಟಿದ್ದಾನೆ. ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗ ಝ್ಯಾಕ್‌ನ ದೆಸೆಯಿಂದ ಬೀಗ ತೆರೆಯುತ್ತದೆ, ಪೀಡೆಗಳು ಊರಿಗೆ ನುಗ್ಗುತ್ತವೆ.

ಇಲ್ಲಿ ಭಸ್ಮಾಸುರ ಮತ್ತೆ ಬರಬೇಕು. ಕುಮಟಾ ತಾಲ್ಲೂಕಿನ ಯಾಣದ ಕಪ್ಪು ಬಂಡೆಯ ಕೆಳಗೆ ನಿಂತವರಿಗೆ ಅವನ ಕಥೆ ಹೇಳುವ ಅಗತ್ಯವಿಲ್ಲ. ಅವನು ಸುಟ್ಟುಹೋದ ಜಾಗ ಅದೇ ಎಂದು ಊರೇ ಹೇಳುತ್ತದೆ. ಕಥೆ ಕಟ್ಟುವವರು ಆ ರಾಕ್ಷಸನಿಂದ ಕಲಿಯಬೇಕಾದದ್ದಿದೆ. ಅವನಿಗಿರುವ ನಿಯಮ ಒಂದೇ: ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿ. ಆ ನಿಯಮ ಚಿಕ್ಕ ಮಗುವಿಗೂ ಅರ್ಥವಾಗುತ್ತದೆ. ಅದರಿಂದಲೇ ಭಯ ಹುಟ್ಟುತ್ತದೆ, ಶಿವನೇ ಓಡುತ್ತಾನೆ. ಕೊನೆಗೆ ಅದೇ ನಿಯಮ ಅವನನ್ನು ಸುಡುತ್ತದೆ, ಹೊರಗಿನಿಂದ ಬೇರೆ ಅಸ್ತ್ರ ತರಬೇಕಾಗುವುದಿಲ್ಲ. ಭಯದ ಮೂಲವೂ ಪರಿಹಾರವೂ ಒಂದೇ ಕೈಯಲ್ಲಿದ್ದರೆ ಹಗ್ಗ ಬಿಗಿಯಾಗಿರುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದ ಕಾಲವನ್ನು ನೆನೆಸಿಕೊಳ್ಳಿ. ಆ ದೆವ್ವಕ್ಕೂ ಒಂದು ಶಿಸ್ತಿತ್ತು. ಬರೆದದ್ದನ್ನು ಓದುತ್ತಿತ್ತು, ಓದಿದ್ದನ್ನು ನಂಬುತ್ತಿತ್ತು.

ಮೊದಲ ಗೂಸ್‌ಬಂಪ್ಸ್‌ನಲ್ಲಿ ಇಂಥ ನಿಯಮವಿದೆ. ಸ್ಟೈನ್‌ನ ಟೈಪ್‌ರೈಟರ್‌ನಲ್ಲಿ ಹುಟ್ಟಿದ ಪೀಡೆಯನ್ನು ಅದೇ ಟೈಪ್‌ರೈಟರ್‌ನಲ್ಲಿ ಬರೆದ ಕಥೆಯೇ ಒಳಗೆ ಎಳೆದುಕೊಳ್ಳಬೇಕು. ಗೊಂಬೆ ಸ್ಲ್ಯಾಪಿಗೂ ಈ ನಿಯಮ ಗೊತ್ತು. ಅದಕ್ಕೇ ಅವನು ಮೊದಲು ಮಾಡುವ ಕೆಲಸ ತನ್ನ ಪುಸ್ತಕವನ್ನೇ ಸುಟ್ಟುಹಾಕುವುದು. ಇನ್ನು ಮರಳಿ ಹೋಗುವ ದಾರಿಯಿಲ್ಲ. ಎಷ್ಟು ಚೊಕ್ಕ ದುಷ್ಟತನ! ಬೇಡ ಹಗ್ಗಕ್ಕೇ ಕತ್ತಿ ಹಾಕಿದಂತೆ. ಕೊನೆಯಲ್ಲಿ ಅವನು ಸ್ಟೈನ್‌ನ ಬೆರಳುಗಳನ್ನು ಜಜ್ಜಿದಾಗ, ಬರೆಯಬೇಕಾದವನು ಬರೆಯಲಾರ. ಹುಡುಗನೇ ಕಥೆ ಮುಗಿಸಬೇಕು. ಅದರ ಮೇಲೊಂದು ನೋವು: ಝ್ಯಾಕ್ ಮೆಚ್ಚಿದ ಪಕ್ಕದ ಮನೆಯ ಹುಡುಗಿ ಹ್ಯಾನಾ ಕೂಡ ಸ್ಟೈನ್ ಬರೆದ ಪಾತ್ರವೇ. ಪೀಡೆಗಳನ್ನು ಒಳಗೆ ಕಳಿಸಿದರೆ ಅವಳೂ ಹೋಗುತ್ತಾಳೆ. ನಮ್ಮ ಹುಡುಗಿ ದಿಂಬನ್ನು ಕಚ್ಚಿಕೊಂಡದ್ದು ತೋಳಮನುಷ್ಯನನ್ನು ನೋಡಿ ಅಲ್ಲ, ಇಲ್ಲಿ.

ಇನ್ನೊಂದು ವಿಷಯವನ್ನು ನಾನು ಎರಡನೆಯ ಸಲ ನೋಡುವಾಗ ಗಮನಿಸಿದೆ. ಮೊದಲ ಚಿತ್ರದಲ್ಲಿ ಸ್ಲ್ಯಾಪಿಗೆ ದನಿ ಕೊಟ್ಟವರೂ ಜ್ಯಾಕ್ ಬ್ಲ್ಯಾಕ್. ಅಂದರೆ ಬರೆದವನೂ ಅವನ ಪೀಡೆಯೂ ಒಂದೇ ಗಂಟಲಿನಿಂದ ಮಾತನಾಡುತ್ತಾರೆ. ಗೊಂಬೆ ಸ್ಟೈನ್‌ನನ್ನು ಅಪ್ಪಾ ಎಂದು ಕರೆದು ಕೆಣಕುವಾಗ ಅದು ಒಬ್ಬನೇ ಮನುಷ್ಯ ತನ್ನ ಒಳಗಿನ ಕೊಂಕಿನೊಂದಿಗೆ ನಡೆಸುವ ಜಗಳವಾಗುತ್ತದೆ. ಮಕ್ಕಳಿಗೆ ಇದು ಹೆಸರಿಟ್ಟು ಹೇಳುವಂತೆ ತಿಳಿಯದು, ಆದರೆ ಕಿವಿಗೆ ತಾಗುತ್ತದೆ. ಎರಡನೆಯ ಭಾಗದಲ್ಲಿ ಸ್ಲ್ಯಾಪಿಯ ದನಿ ಮಿಕ್ ವಿಂಗರ್ಟ್ ಎಂಬ ಇನ್ನೊಬ್ಬ ಕಲಾವಿದರದ್ದು. ಅವರು ಚೆನ್ನಾಗಿಯೇ ಮಾಡಿದ್ದಾರೆ. ಹೋದದ್ದು ನಟನೆಯಲ್ಲ, ನಂಟು.

ಆ ಎರಡನೆಯ ಭಾಗದ ನಿರ್ದೇಶಕ ಆರಿ ಸ್ಯಾಂಡಲ್. ಊರು ಬೇರೆ, ಮಕ್ಕಳು ಬೇರೆ. ಝ್ಯಾಕ್, ಹ್ಯಾನಾ ಇಬ್ಬರೂ ಇಲ್ಲ. ಮೊದಲ ಚಿತ್ರ ಮುಗಿಯುವಾಗ ಅದೃಶ್ಯ ಹುಡುಗನೊಬ್ಬ ಟೈಪ್‌ರೈಟರ್ ಕುಟ್ಟುವುದನ್ನು ತೋರಿಸಿ ಮುಂದಿನ ಕಥೆಗೆ ಬಾಗಿಲು ತೆರೆದಿಟ್ಟಿದ್ದರು; ಆ ಬಾಗಿಲಿನ ಕಡೆಗೆ ಯಾರೂ ತಿರುಗಿಯೂ ನೋಡಲಿಲ್ಲ. ಸನ್ನಿ, ಸ್ಯಾಮ್ ಎಂಬ ಹುಡುಗರು ಹಳೆ ಸಾಮಾನು ಸಾಗಿಸುವ ಕೆಲಸಕ್ಕೆ ಪಾಳು ಮನೆಗೆ ಹೋದಾಗ ಬೀಗ ಹಾಕಿದ ಹಸ್ತಪ್ರತಿಯೊಂದು ಸಿಗುತ್ತದೆ, ಸ್ಲ್ಯಾಪಿ ಜೀವ ತಳೆಯುತ್ತಾನೆ.

ಮೊದಲ ಅರ್ಧ ಗಂಟೆಯ ಬಗ್ಗೆ ನನಗೆ ನಿಜವಾದ ಪ್ರೀತಿಯಿದೆ. ಅದನ್ನು ಹೇಳದಿದ್ದರೆ ಅನ್ಯಾಯ. ಅಲ್ಲಿ ಸ್ಲ್ಯಾಪಿಗೆ ಊರು ನಾಶಮಾಡುವ ಹಂಬಲವಿಲ್ಲ. ಅವನಿಗೆ ಒಂದು ಮನೆ ಬೇಕು. ಅಮ್ಮ, ಅಕ್ಕ, ತಮ್ಮ ಇರುವ ಮನೆಯಲ್ಲಿ ತಾನೂ ಒಬ್ಬನಾಗಬೇಕು. ಕೆಲಸ ಮಾಡಿಕೊಡುತ್ತಾನೆ, ಮಕ್ಕಳಿಗೆ ತೊಂದರೆ ಕೊಟ್ಟವರಿಗೆ ಬುದ್ಧಿ ಕಲಿಸುತ್ತಾನೆ. ಸಹಾಯ ಮಾಡುತ್ತಾ ಮಾಡುತ್ತಾ ಒಳಗೆ ಸೇರಿಕೊಳ್ಳುವ ಗೊಂಬೆಗಿಂತ ಭಯಂಕರವಾದದ್ದು ಏನಿದೆ? ಮನುಷ್ಯನನ್ನು ತುಂಬಾ ಹೋಲುವ, ಆದರೆ ಪೂರ್ತಿ ಹೋಲದ ವಸ್ತು ನಮ್ಮಲ್ಲಿ ವಿಚಿತ್ರ ಅಳುಕು ಹುಟ್ಟಿಸುತ್ತದೆ ಎಂದು ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. ಕೆಳಗಿನ ದವಡೆ ಮಾತ್ರ ಅಲ್ಲಾಡುವ ಮರದ ಮುಖ ಆ ಅಳುಕಿನ ನಡುಮನೆಯಲ್ಲೇ ಕುಳಿತಿರುತ್ತದೆ. ಅದು ಊಟದ ಮೇಜಿಗೆ ಬಂದು ‘ನನಗೂ ಜಾಗ ಕೊಡಿ’ ಎಂದರೆ ಏನಾಗಬಹುದಿತ್ತು ಎಂದು ಯೋಚಿಸಿ.

ಚಿತ್ರ ಯೋಚಿಸುವುದಿಲ್ಲ. ಬೆದರಿದ ಕರುವಿನಂತೆ ಆ ಮನೆ ಬಿಟ್ಟು ಹ್ಯಾಲೋವೀನ್ ಹಬ್ಬದ ಬೀದಿಗೆ ಓಡುತ್ತದೆ. ಅಕ್ಟೋಬರ್ 31ರ ರಾತ್ರಿ ಅಮೆರಿಕದ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬವದು. ಸ್ಲ್ಯಾಪಿ ಆ ರಾತ್ರಿಯ ಮುಖವಾಡ, ಬೊಂಬೆ, ಕುಂಬಳಕಾಯಿ ಎಲ್ಲದಕ್ಕೂ ಜೀವ ಕೊಡುತ್ತಾನೆ. ಬಲೂನಿನ ದೈತ್ಯ ಜೇಡ ಮೇಲೇಳುತ್ತದೆ. ಜೆಲ್ಲಿ ಮಿಠಾಯಿಯ ಕರಡಿಗಳು ಕಚ್ಚಲು ಬರುತ್ತವೆ (ಇದೊಂದಕ್ಕೆ ನಮ್ಮ ಹುಡುಗಿ ನಕ್ಕಳು, ನಾನೂ ನಕ್ಕೆ). ಬಚ್ಚಲ ಹಿಂದೆ ಒಂದು ಗುಮ್ಮವಿದ್ದರೆ ಮಗು ಹೆದರುತ್ತದೆ. ನೂರು ಗುಮ್ಮ ಸಾಲಾಗಿ ಬಂದರೆ ಅದನ್ನು ಮೆರವಣಿಗೆ ಎಂದುಕೊಳ್ಳುತ್ತದೆ. ಮೊದಲ ಚಿತ್ರದ ಕೊನೆಯ ಭಾಗಕ್ಕೂ ಈ ರೋಗ ಸ್ವಲ್ಪ ತಗಲಿತ್ತು. ಆದರೆ ಅಲ್ಲಿ ಅದಕ್ಕೂ ಮುಂಚೆ ಖಾಲಿ ಅಂಗಡಿಯಲ್ಲಿ ಒಂದೇ ತೋಳಮನುಷ್ಯ, ಅಡುಗೆಮನೆಯಲ್ಲಿ ಕುಳ್ಳ ಗೊಂಬೆಗಳ ಹಿಂಡು, ಹೀಗೆ ಒಂದೊಂದನ್ನೇ ಎದುರಿಸುವ ಹೊತ್ತಿತ್ತು.

ನಿಯಮದ ಗತಿ ಇನ್ನೂ ಕೆಟ್ಟದ್ದು. ಟೈಪ್‌ರೈಟರ್‌ನ ಜಾಗಕ್ಕೆ ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಅವರ ಗೋಪುರ ಬರುತ್ತದೆ. ಟೆಸ್ಲಾ ವಾರ್ಡನ್‌ಕ್ಲಿಫ್ ಎಂಬ ಗೋಪುರ ಕಟ್ಟಲು ಹೊರಟಿದ್ದು ನಿಜ. 1901ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಕೆಲಸ ಶುರುವಾಯಿತು, ತಂತಿಯಿಲ್ಲದೆ ಸಂದೇಶವನ್ನೂ ವಿದ್ಯುತ್ತನ್ನೂ ಕಳಿಸುವ ಕನಸು, ಹಣ ನಿಂತುಹೋಗಿ 1917ರಲ್ಲಿ ಕೆಡವಿದರು. ಚಿತ್ರ ಆ ಹೆಸರಿನ ಊರನ್ನೇ ಕಟ್ಟಿ ಗೋಪುರವನ್ನು ಸ್ಲ್ಯಾಪಿಯ ಕೈಗೆ ಕೊಡುತ್ತದೆ. ಸರಿ, ಆದರೆ ಗೊಂಬೆಯ ಮಂತ್ರಕ್ಕೂ ವಿದ್ಯುತ್ತಿಗೂ ಸಂಬಂಧವೇನು? ಹೆಸ್ಕಾಂ ಲೈನ್ ಹೋದರೆ ಭೂತ ನಿಲ್ಲುತ್ತದೆಯೇ ಎಂದು ಹುಡುಗ ಕೇಳಿದ. ನಮ್ಮಲ್ಲಿ ಮಳೆಗಾಲದಲ್ಲಿ ಅದು ಬಹಳ ಪ್ರಾಯೋಗಿಕ ಪ್ರಶ್ನೆ. ನಿಯಮ ಕೈಗೆ ಸಿಗದಿದ್ದಾಗ ಮಗುವಿಗೆ ಗೆಲುವನ್ನು ಊಹಿಸಲಾಗದು, ಸೋಲನ್ನೂ ಊಹಿಸಲಾಗದು. ಊಹೆ ನಿಂತರೆ ಭಯವೂ ನಿಲ್ಲುತ್ತದೆ. ಸ್ಟೈನ್ ಪಾತ್ರವೋ, ಕಥೆಯ ಕೊನೆಯ ಭಾಗದಲ್ಲಿ ತಡವಾಗಿ ಬಂದು, ಮದುವೆಗೆ ಬಂದು ಊಟ ಮುಗಿದಿದೆ ಎಂದು ತಿಳಿದ ನೆಂಟನಂತೆ ನಿಲ್ಲುತ್ತದೆ.

ಯಾಕೆ ಹೀಗಾಯಿತು ಎಂಬುದಕ್ಕೆ ದುಡ್ಡಿನ ಲೆಕ್ಕವೂ ಸ್ವಲ್ಪ ಬೇಕು. ಮೊದಲ ಚಿತ್ರಕ್ಕೆ ಸುಮಾರು 5.8 ಕೋಟಿ ಡಾಲರ್ ಖರ್ಚಾಗಿತ್ತು, ಜಗತ್ತಿನಾದ್ಯಂತ ಸುಮಾರು 15.8 ಕೋಟಿ ಡಾಲರ್ ಗಳಿಸಿತು. ಕೇಳಲು ಮೂರು ಪಟ್ಟಿನ ಹತ್ತಿರ. ಆದರೆ ಟಿಕೆಟ್ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರಗಳಿಗೆ ಹೋಗುತ್ತದೆ, ಪ್ರಚಾರದ ವೆಚ್ಚ ಬೇರೆ. ಮಾಡಲೇಬೇಕು ಎನ್ನುವಷ್ಟು ಗೆಲುವಲ್ಲ, ಬಿಟ್ಟುಬಿಡೋಣ ಎನ್ನುವಷ್ಟು ಸೋಲೂ ಅಲ್ಲ. ಇಂಥ ನಡುವಿನ ಫಲಿತಾಂಶವೇ ಮುಂದಿನ ಭಾಗಕ್ಕೆ ಅಪಾಯ. ಕಂಪನಿ ಮುಂದುವರಿಸುತ್ತದೆ, ಆದರೆ ಕೈ ಬಿಗಿಹಿಡಿದು. ಎರಡನೆಯದಕ್ಕೆ ಸುಮಾರು 3.5 ಕೋಟಿ ಡಾಲರ್ ಸಿಕ್ಕಿತು, ಗಳಿಕೆ ಸುಮಾರು 9.3 ಕೋಟಿ. ಅವಧಿಯೂ 103 ನಿಮಿಷದಿಂದ 90ಕ್ಕೆ ಇಳಿಯಿತು. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬುದು ನಮ್ಮ ಕಡೆಯ ಗಾದೆ. ಯಾಣದ ದಾರಿ ಕಾಡಿನದ್ದು, ಎದೆಗಾರಿಕೆ ಬೇಕು; ಗೋಕರ್ಣದಲ್ಲಿ ದಕ್ಷಿಣೆಗೆ ಹಣ ಬೇಕು. ಎರಡನೆಯ ಚಿತ್ರ ರೊಕ್ಕವಿಲ್ಲದೆ ಗೋಕರ್ಣಕ್ಕೆ ಹೊರಟಿತು. ಸೊಕ್ಕಾದರೂ ಇದ್ದಿದ್ದರೆ ಆ ಮನೆ, ಆ ಊಟದ ಮೇಜು, ಆ ಒಂದು ಗೊಂಬೆ ಸಾಕಿತ್ತು. ಅದಕ್ಕೆ ಬಲೂನಿನ ಜೇಡಕ್ಕಿಂತ ಕಡಿಮೆ ಖರ್ಚು. ಇದರ ಮೇಲೆ, ಅದೇ 2018ರ ಸೆಪ್ಟೆಂಬರಿನಲ್ಲಿ ಇನ್ನೊಂದು ಕಂಪನಿಯ ಮಾಂತ್ರಿಕ ಮನೆಯ ಮಕ್ಕಳ ಚಿತ್ರದಲ್ಲಿ ಜ್ಯಾಕ್ ಬ್ಲ್ಯಾಕ್ ಅವರೇ ಪೂರ್ತಿ ಪಾತ್ರದಲ್ಲಿ ಕಾಣಿಸಿಕೊಂಡಿದ್ದರು. ಮೂರು ವಾರದ ಅಂತರದಲ್ಲಿ ಒಂದೇ ಅಂಗಡಿಯ ಎರಡು ಮಿಠಾಯಿ.

ಪ್ರಮಾಣಪತ್ರದ ಅಂಜಿಕೆಯೂ ಇದೆ. ಅಮೆರಿಕದಲ್ಲಿ ಎರಡೂ ಚಿತ್ರಗಳಿಗೆ ಸಿಕ್ಕಿದ್ದು ‘ಪಿಜಿ’, ಅಂದರೆ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದು. 1984ರಲ್ಲಿ ‘ಗ್ರೆಮ್ಲಿನ್ಸ್’ ಮತ್ತು ಇಂಡಿಯಾನಾ ಜೋನ್ಸ್ ಸರಣಿಯ ಎರಡನೆಯ ಚಿತ್ರಗಳನ್ನು ಇದೇ ಪಿಜಿ ಚೀಟಿ ನಂಬಿ ಮಕ್ಕಳಿಗೆ ತೋರಿಸಿದ ತಂದೆತಾಯಂದಿರು ರೊಚ್ಚಿಗೆದ್ದರು. ಸ್ಟೀವನ್ ಸ್ಪೀಲ್‌ಬರ್ಗ್ ಅವರೇ ನಡುವೆ ಇನ್ನೊಂದು ವರ್ಗ ಬೇಕೆಂದರು. ಅದೇ ವರ್ಷ ‘ಪಿಜಿ-13’ ಬಂತು. ನಮ್ಮಲ್ಲೂ 2023ರ ತಿದ್ದುಪಡಿಯ ಬಳಿಕ ಯುಎ ವರ್ಗವನ್ನು 7, 13, 16 ವರ್ಷಗಳ ಮೂರು ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಕೆಳಗಿನ ಮೆಟ್ಟಿಲಿನ ಮೇಲೆಯೇ ಉಳಿಯಬೇಕೆಂಬ ವ್ಯಾಪಾರದ ಒತ್ತಡದಲ್ಲಿ ಚಿತ್ರತಂಡ ಅನುಮಾನ ಬಂದಲ್ಲೆಲ್ಲ ಹಗ್ಗ ಬಿಗಿಯುತ್ತಾ ಹೋಗುತ್ತದೆ. ಬೇಡ ನಿಂತಲ್ಲೇ ನಿಲ್ಲುತ್ತಾನೆ.

ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದು ಪರದೆಯ ಮೇಲಿಲ್ಲ, ಎದುರಿನ ಕುರ್ಚಿಯಲ್ಲಿದೆ. ಎರಡು ಚಿತ್ರಗಳ ನಡುವೆ ಮೂರು ವರ್ಷ ಕಳೆದಿತ್ತು. ದೊಡ್ಡವರಿಗೆ ಮೂರು ವರ್ಷ ಏನೂ ಅಲ್ಲ. ಮೊದಲನೆಯದನ್ನು ಎಂಟರ ವಯಸ್ಸಿನಲ್ಲಿ ನೋಡಿ ಹೆದರಿದ ಮಗುವಿಗೆ ಈಗ ಹನ್ನೊಂದು. ಅದು ಬೇರೆಯೇ ಮನುಷ್ಯ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಮಕ್ಕಳ ಭಯವನ್ನು ಬಹುಕಾಲ ಅಧ್ಯಯನ ಮಾಡಿದವರು. ಅವರ ಸಂಶೋಧನೆಗಳಲ್ಲಿ ಕಂಡದ್ದು ಹೀಗೆ: ಶಾಲೆಗೆ ಸೇರುವ ಮುಂಚಿನ ಮಕ್ಕಳು ರೂಪಕ್ಕೆ ಹೆದರುತ್ತಾರೆ. ಮುಖ ವಿಕಾರವಾಗಿದ್ದರೆ ಸಾಕು, ಆ ಮುಖದವನು ಒಳ್ಳೆಯವನಾದರೂ ಸರಿ. ದೊಡ್ಡದಾಗುತ್ತಾ ರೂಪದ ಭಯ ಇಳಿದು, ನಡೆಯಬಹುದಾದದ್ದರ ಭಯ ಏರುತ್ತದೆ: ಮನೆ ತಪ್ಪುವುದು, ಅಮ್ಮನಿಗೆ ಏನಾದರೂ ಆಗುವುದು, ಒಬ್ಬಂಟಿಯಾಗುವುದು. ಮೊದಲ ಚಿತ್ರ ನೋಡಿದ ಮಗು ಎರಡನೆಯದಕ್ಕೆ ಈ ಹೊಸ ಭಯವನ್ನು ಹೊತ್ತು ಬಂದಿತ್ತು. ಚಿತ್ರ ಅದಕ್ಕೆ ಮತ್ತೆ ಮುಖವಾಡ ತೋರಿಸಿತು. ಅಮ್ಮನನ್ನು ಗೊಂಬೆ ಮಾಡುವ ಪ್ರಸಂಗ ಕಥೆಯಲ್ಲಿ ಇದ್ದೇ ಇದೆ! ಅದರ ಮೇಲೆ ಎರಡು ನಿಮಿಷ ನಿಲ್ಲುವ ಧೈರ್ಯ ಮಾತ್ರ ಇಲ್ಲ. ಹ್ಯಾರಿ ಪಾಟರ್ ಚಿತ್ರಗಳು 2001ರಿಂದ 2011ರವರೆಗೆ ಎಂಟು ಸಲ ಮರಳಿ ಬಂದೂ ಮಕ್ಕಳನ್ನು ಹಿಡಿದಿಟ್ಟುಕೊಂಡದ್ದಕ್ಕೆ ಒಂದು ಸರಳ ಕಾರಣವಿದೆ: ನೋಡುವವರ ವಯಸ್ಸಿನೊಂದಿಗೆ ಅವುಗಳ ಕತ್ತಲೂ ಬೆಳೆಯಿತು.

ಇನ್ನೊಂದು ಬಗೆಯ ಸೋಲನ್ನೂ ಬೇಗನೆ ಹೇಳಿಬಿಡುತ್ತೇನೆ. 1993ರ ‘ಹೋಕಸ್ ಪೋಕಸ್’ ಎಂಬ ಮಾಟಗಾತಿಯರ ಚಿತ್ರ ಬಿಡುಗಡೆಯ ಕಾಲದಲ್ಲಿ ಹೇಳಿಕೊಳ್ಳುವಂತೆ ಓಡಲಿಲ್ಲ, ಆಮೇಲೆ ಟಿವಿಯಲ್ಲಿ ವರ್ಷವರ್ಷ ಬಂದು ಪ್ರೀತಿ ಗಳಿಸಿತು. ಅದರ ಆರಂಭದಲ್ಲೇ ಮಾಟಗಾತಿಯರು ಒಂದು ಪುಟ್ಟ ಹುಡುಗಿಯ ಪ್ರಾಣ ಹೀರುತ್ತಾರೆ. ಅಲ್ಲಿಂದಾಚೆ ಅವರು ಎಷ್ಟು ಕುಣಿದು ನಗಿಸಿದರೂ ಹಲ್ಲು ಇದೆ ಎಂಬುದು ನಮಗೆ ನೆನಪಿರುತ್ತದೆ. 29 ವರ್ಷಗಳ ಬಳಿಕ, 2022ರಲ್ಲಿ ನೇರ ಸ್ಟ್ರೀಮಿಂಗ್‌ಗೆ ಬಂದ ಎರಡನೆಯ ಭಾಗ ಅದೇ ಮಾಟಗಾತಿಯರ ಬಾಲ್ಯ ತೋರಿಸಿ ಶುರುವಾಗುತ್ತದೆ, ಕೊನೆಗೆ ಅವರ ಪಶ್ಚಾತ್ತಾಪದಲ್ಲಿ ಮುಗಿಯುತ್ತದೆ. ಮೊದಲನೆಯದನ್ನು ಕಂಡ ಮಕ್ಕಳು ಈಗ ಅಪ್ಪ ಅಮ್ಮಂದಿರು. ಚಿತ್ರ ಅವರ ಹಳೆಯ ಪ್ರೀತಿಯನ್ನು ಮಾತನಾಡಿಸಿತು, ಪಕ್ಕದಲ್ಲಿ ಕುಳಿತ ಅವರ ಮಕ್ಕಳನ್ನಲ್ಲ. ರಾಕ್ಷಸಿಗೂ ಒಂದು ನೋವಿದೆ ಎಂದು ತಿಳಿಸುವುದು ದೊಡ್ಡವರ ಕಥೆಗೆ ಸರಿ. ಏಳು ವರ್ಷದವಳಿಗೆ ಮೊದಲು ರಾಕ್ಷಸಿ ಬೇಕು.

ಬೇಡರ ವೇಷವೂ ಎರಡು ವರ್ಷಕ್ಕೊಮ್ಮೆ ಬರುವ ಮುಂದುವರಿದ ಭಾಗವೇ. ಅದೇ ಗರಿ, ಅದೇ ಕತ್ತಿ, ಅದೇ ತಮಟೆ. ಬದಲಾಗುವುದು ಮಗು ನಿಲ್ಲುವ ಜಾಗ. ಮೂರರಲ್ಲಿ ಅದು ಅಪ್ಪನ ಹೆಗಲ ಮೇಲಿರುತ್ತದೆ, ಐದರಲ್ಲಿ ಅಮ್ಮನ ಸೆರಗಿನ ಹಿಂದೆ, ಏಳರಲ್ಲಿ ಜಗಲಿಯ ಅಂಚಿನಲ್ಲಿ, ಹನ್ನೊಂದರಲ್ಲಿ ವೇಷದ ಹಿಂದೆಯೇ ಓಣಿಯಿಂದ ಓಣಿಗೆ ಓಡುತ್ತಿರುತ್ತದೆ. ಬೇಡ ಯಾರಿಗಾಗಿಯೂ ಮೆತ್ತಗಾಗುವುದಿಲ್ಲ, ಹಗ್ಗವನ್ನು ಪೂರ್ತಿ ಬಲದಿಂದಲೇ ಎಳೆಯುತ್ತಾನೆ. ಎಷ್ಟು ಹತ್ತಿರ ಹೋಗಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸಿಕೊಳ್ಳುತ್ತಾರೆ.

ಮೊದಲ ಸಿನಿಮಾದ ರಾತ್ರಿ ಹಿಂದಿನ ಬಚ್ಚಲಿಗೆ ಹೋಗಲು ಹುಡುಗಿಗೆ ನಾನೂ ಬೇಕಾಗಿತ್ತು, ಅಣ್ಣನೂ ಬೇಕಾಗಿತ್ತು, ಟಾರ್ಚೂ ಬೇಕಾಗಿತ್ತು. ಒಳಗಿನಿಂದ ಪ್ರತಿ ಅರ್ಧ ನಿಮಿಷಕ್ಕೆ ‘ಇದ್ದೀರಾ?’ ಎಂಬ ಪ್ರಶ್ನೆ. ಎರಡನೆಯ ಸಿನಿಮಾದ ರಾತ್ರಿ ಒಬ್ಬಳೇ ಎದ್ದು ಹೋಗಿ, ಹಾಡಿಕೊಂಡು ಮರಳಿ ಬಂದಳು. ಆಮೇಲೆ ಹಾಸಿಗೆಯಲ್ಲಿ ಮಲಗಿ, ಮುಂದಿನ ಹೋಳಿಗೆ ಬೇಡನ ಹಗ್ಗ ಹಿಡಿಯುವವರ ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆಯೇ ಎಂದು ಕೇಳಿದಳು. ಯಾಕೆಂದರೆ, ಹಗ್ಗ ಎಷ್ಟು ದಪ್ಪವಿದೆ ಎಂದು ಒಮ್ಮೆ ಮುಟ್ಟಿ ನೋಡಬೇಕಂತೆ.